ಗಡೀಪಾರಾದ ಕೂಲಿಯಾಳಿನ ಬದುಕು ಹೇಗಿತ್ತು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಶಿವಮೊಗ್ಗದವರು. ಆರು ವರ್ಷದಿಂದ ಸಿಡ್ನಿಯ ಪ್ಯಾರಮ್ಯಾಟಾ ಹತ್ತಿರ ಇದ್ದೇವೆ. ಮಗ ಐದನೇ ಕ್ಲಾಸು. ‘ನೀನು ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ ಅಂದುಕೊಂಡು ಊರಿಗೆ ಒಂದು ಕಾಗದ ಬರಿ’ ಅಂತ ಶಾಲೆಯಲ್ಲಿ ಕೆಲಸ ಕೊಟ್ಟಿದ್ದಾರೆ. ಅವನು ಬರೆದದ್ದು ಹೀಗಿದೆ: ‘ನಾನು ಒಂದು ಬ್ರೆಡ್ ಕದ್ದೆ. ನನ್ನನ್ನು ಹಡಗಿನಲ್ಲಿ ಇಲ್ಲಿಗೆ ತಂದರು. ಹಗಲೂ ರಾತ್ರಿ ಸರಪಳಿ ಹಾಕಿ ಜೈಲಿನಲ್ಲಿ ಇಟ್ಟಿದ್ದಾರೆ. ದಿನಾ ಹೊಡೆಯುತ್ತಾರೆ.’ ಪಕ್ಕದ ಮನೆಯ ಅಜ್ಜ ಇದನ್ನು ಓದಿ, ‘ನಮ್ಮ ಮನೆತನದ ಹಿರಿಯನೂ ಕೈದಿಯಾಗಿ ಬಂದವನೇ. ಅವನು ಜೈಲೊಳಗೆ ಇದ್ದದ್ದೇ ಇಲ್ಲವಂತೆ, ಕುರಿ ಕಾಯುತ್ತಿದ್ದನಂತೆ’ ಅಂದರು. ಅವರ ಅಮ್ಮ ಈ ವಿಷಯವನ್ನು ಸಾಯುವ ತನಕ ಬಾಯಿಬಿಟ್ಟಿರಲಿಲ್ಲವಂತೆ. ಇತ್ತ ಫೋನಿನಲ್ಲಿ ನಮ್ಮ ಮಾವ ‘ಅದು ಕಳ್ಳರ ದೇಶ ತಾನೇ’ ಅಂತ ನಕ್ಕರು. ಮಗನ ಮುಖ ಸಪ್ಪಗಾಯಿತು. ಅವನ ಗೆಳೆಯರಲ್ಲಿ ಅಂಥ ಮನೆತನದ ಮಕ್ಕಳೂ ಇದ್ದಾರೆ. ಇದರಲ್ಲಿ ಯಾವುದು ನಿಜ? ಚಾವಟಿ, ನೇಣು ಇದನ್ನೆಲ್ಲ ಹತ್ತು ವರ್ಷದ ಹುಡುಗನಿಗೆ ಎಷ್ಟು ಹೇಳಬೇಕು? ಅಜ್ಜನ ಹಿರಿಯನನ್ನು ಹುಡುಕಿಕೊಡೋಣ ಅಂತ ಅವನಿಗೆ ತುಂಬಾ ಆಸೆ. ಹುಡುಕಬಹುದಾ?

ಉತ್ತರ: ಗೆಳೆಯರ ಹಿರಿಯರನ್ನು ಕಳ್ಳರು ಅಂದಾಗ ನಿಮ್ಮ ಮಗನಿಗೆ ಬೇಜಾರಾಯಿತಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಅಂಥ ಮನಸ್ಸಿರುವ ಹುಡುಗ ಈ ಕಾಗದವನ್ನು ಚೆನ್ನಾಗಿಯೇ ಬರೆಯುತ್ತಾನೆ. ಅವನಿಗೆ ಬೇಕಾಗಿರುವುದು ಸ್ವಲ್ಪ ಸರಿಯಾದ ವಿವರ, ಅಷ್ಟೇ. ಈ ಕೈದಿಗಳ ಕಡತಗಳನ್ನು ಓದುವುದು ನನಗೆ ಎಷ್ಟೋ ವರ್ಷಗಳ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪಕ್ಕದ ಮನೆಯ ಅಜ್ಜ ಹೇಳಿದ್ದು ಸರಿ. 1788ರಿಂದ 1868ರ ತನಕ, ಎಂಬತ್ತು ವರ್ಷಗಳಲ್ಲಿ, ಸುಮಾರು 1,62,000 ಜನರನ್ನು ಬ್ರಿಟನ್ ಮತ್ತು ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಶಿಕ್ಷೆಯ ಅವಧಿಯನ್ನು ಕಳೆದದ್ದು ಜೈಲಿನ ಗೋಡೆಯೊಳಗೆ ಅಲ್ಲ. ಹೊಲದಲ್ಲಿ, ಕುರಿಹಟ್ಟಿಯಲ್ಲಿ, ರಸ್ತೆಯಲ್ಲಿ, ಯಾರದೋ ಅಡುಗೆಮನೆಯಲ್ಲಿ. ಸಿಡ್ನಿಯಲ್ಲಿ ಸರ್ಕಾರಿ ಕೆಲಸದ ಗಂಡಸರಿಗೆ ಅಂತ ಹೈಡ್ ಪಾರ್ಕ್ ಬ್ಯಾರಕ್ಸ್ ತೆರೆದದ್ದೇ 1819ರಲ್ಲಿ. ಅದಕ್ಕೂ ಮೊದಲಿನ ಮೂವತ್ತು ವರ್ಷ ಅವರು ಊರೊಳಗೇ, ರಾಕ್ಸ್ ಬಡಾವಣೆಯಲ್ಲಿ, ಗುಡಿಸಲು ಕಟ್ಟಿಕೊಂಡೋ ಬಾಡಿಗೆಗೋ ಇರುತ್ತಿದ್ದರು. ಮಧ್ಯಾಹ್ನದವರೆಗೆ ಸರ್ಕಾರದ ಕೆಲಸ, ಆಮೇಲೆ ಬಾಡಿಗೆ ದುಡ್ಡಿಗಾಗಿ ಬೇರೆ ಕಡೆ ಕೆಲಸ. ಸುತ್ತಲೂ ಸಮುದ್ರವೇ ಇರುವಾಗ ಗೋಡೆ ಯಾಕೆ ಬೇಕು, ಅಲ್ವಾ? ಶಿಕ್ಷೆ ಅಂದರೆ ದುಡಿಮೆ. ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವನಪೂರ್ತಿ.

ಇನ್ನು ಬ್ರೆಡ್ಡಿನ ಕಥೆ. ಇದು ಎಲ್ಲರ ಬಾಯಲ್ಲೂ ಇದೆ. ಕಡತಗಳಲ್ಲಿ ಬ್ರೆಡ್ಡಿಗಿಂತ ಜಾಸ್ತಿ ಕಾಣುವುದು ಬಟ್ಟೆ, ಕರವಸ್ತ್ರ, ಗಡಿಯಾರ, ಕುರಿ, ಕುದುರೆ, ಮನೆ ಒಡೆದು ಕದ್ದ ಪಾತ್ರೆಪಡಗ. ಹೆಚ್ಚಿನವರು ಕಳ್ಳತನಕ್ಕೇ ಬಂದವರು, ಅದು ನಿಜ. ಆದರೆ ಆಗಿನ ಕಾನೂನು ಎಂಥದ್ದು ಅಂತಲೂ ನೋಡಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ತಪ್ಪುಗಳಿಗೆ ನೇಣು ಇತ್ತು. ಕದ್ದ ವಸ್ತುವಿನ ಬೆಲೆ ಒಂದು ಶಿಲಿಂಗ್ ದಾಟಿದರೆ ಅದು ದೊಡ್ಡ ಕಳ್ಳತನ. ಎಷ್ಟೋ ಜನರ ನೇಣನ್ನು ಮಾಫಿ ಮಾಡಿ ಗಡೀಪಾರಿಗೆ ಇಳಿಸುತ್ತಿದ್ದರು. ಆಸ್ಟ್ರೇಲಿಯಾದ ಇಪ್ಪತ್ತು ಡಾಲರ್ ನೋಟಿನಲ್ಲಿರುವ ಮೇರಿ ರೀಬಿಯ ಮುಖವನ್ನು ನಿಮ್ಮ ಮಗ ನೋಡಿರುತ್ತಾನೆ. ಆಕೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಹುಡುಗನ ವೇಷದಲ್ಲಿದ್ದಾಗ, ಕುದುರೆ ಕದ್ದಳು ಅಂತ ಶಿಕ್ಷೆಯಾದವಳು. 1792ರಲ್ಲಿ ಸಿಡ್ನಿಗೆ ಬಂದಳು. ಮುಂದೆ ಹಡಗುಗಳ ಒಡತಿಯಾದಳು.

ಇಷ್ಟು ದೂರ ಯಾಕೆ ಕಳಿಸಿದರು? ಹೊಲಗಳಿಗೆ ಬೇಲಿ ಬಿದ್ದು, ಹಳ್ಳಿಯವರ ಗೋಮಾಳ ಹೋಗಿ, ಜನ ಪಟ್ಟಣಗಳಿಗೆ ನುಗ್ಗುತ್ತಿದ್ದ ಕಾಲ ಅದು. ಅದಕ್ಕೂ ಮುಂಚೆ ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕಕ್ಕೆ ಸಾಗಿಸಿ ಅಲ್ಲಿನ ತೋಟಗಳಿಗೆ ಮಾರುತ್ತಿತ್ತು. ಅಮೆರಿಕ ತಿರುಗಿಬಿದ್ದ ಮೇಲೆ ಆ ದಾರಿ ಮುಚ್ಚಿತು. 1776ರಿಂದ ಥೇಮ್ಸ್ ನದಿಯಲ್ಲಿ ಹಳೆಯ ಹಡಗುಗಳನ್ನೇ ಜೈಲು ಮಾಡಿ ಅದರಲ್ಲಿ ಜನರನ್ನು ತುಂಬಿದರು. ಅವೂ ತುಂಬಿ ತುಳುಕಿದವು. 1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ ಹನ್ನೊಂದು ಹಡಗುಗಳು ಹೊರಟು, ಎಂಟು ತಿಂಗಳ ನಂತರ ಈಗಿನ ಸಿಡ್ನಿಗೆ ಬಂದವು.

ಹಡಗಿನ ಬಗ್ಗೆ ಒಂದು ಮಾತು. ಈ ಹನ್ನೊಂದು ಹಡಗುಗಳ ಮೊದಲ ಪಡೆಯನ್ನು ಸುಮಾರಾಗಿ ಚೆನ್ನಾಗಿಯೇ ನೋಡಿಕೊಂಡಿದ್ದರು. 1790ರ ಎರಡನೇ ಪಡೆಯನ್ನು ಗುಲಾಮರ ವ್ಯಾಪಾರದಲ್ಲಿ ಕೈ ಪಳಗಿದ ಗುತ್ತಿಗೆದಾರರಿಗೆ ಕೊಟ್ಟರು. ಹಡಗು ಹತ್ತಿದ ತಲೆಗಳ ಲೆಕ್ಕದಲ್ಲಿ ದುಡ್ಡು. ಎಷ್ಟು ಜನ ಜೀವಂತ ಇಳಿದರು ಅನ್ನುವುದು ಯಾರಿಗೂ ಬೇಕಿರಲಿಲ್ಲ. ನಾಲ್ವರಲ್ಲಿ ಒಬ್ಬರು ದಾರಿಯಲ್ಲೇ ಸತ್ತರು. ಆಮೇಲೆ ಜೀವಂತ ಇಳಿಸಿದವರಿಗೆ ದುಡ್ಡು ಅನ್ನುವ ಪದ್ಧತಿ ಬಂತು, 1815ರಿಂದ ಪ್ರತಿ ಹಡಗಿಗೂ ಜವಾಬ್ದಾರಿ ಹೊತ್ತ ಒಬ್ಬ ಸರ್ಕಾರಿ ವೈದ್ಯ ಬಂದ. ಸಾವು ತುಂಬಾ ಇಳಿಯಿತು. ಗುತ್ತಿಗೆಯ ಕರಾರಿನ ಒಂದು ಸಾಲು ಬದಲಾದರೆ ನೂರಾರು ಜೀವ ಉಳಿಯುತ್ತದೆ ಅನ್ನುವುದನ್ನು ಈ ಕಡತಗಳನ್ನು ಓದುವಾಗೆಲ್ಲ ನೆನೆಯುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಇಳಿದ ಮೇಲೆ ಕೈದಿಯ ಬದುಕು ಹೇಗಿರುತ್ತದೆ ಅನ್ನುವುದನ್ನು ಅವನ ತಪ್ಪಾಗಲಿ, ನ್ಯಾಯಾಧೀಶರ ಮಾತಾಗಲಿ ಅಷ್ಟಾಗಿ ನಿರ್ಧರಿಸುತ್ತಿರಲಿಲ್ಲ. ಅವನು ಯಾವ ದಣಿಯ ಕೈಗೆ ಸಿಕ್ಕಿದ ಅನ್ನುವುದು ನಿರ್ಧರಿಸುತ್ತಿತ್ತು. ಸರ್ಕಾರ ಕೈದಿಗಳನ್ನು ಜಮೀನ್ದಾರರಿಗೆ ಹಂಚುತ್ತಿತ್ತು. ದಣಿ ಊಟ, ಬಟ್ಟೆ, ಮಲಗಲು ಜಾಗ ಕೊಡಬೇಕು. ಆಳು ದುಡಿಯಬೇಕು. ಸಂಬಳ ಇಲ್ಲ. ನಮ್ಮ ಕಡೆಯ ಜೀತ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಇವರನ್ನು ಗುಲಾಮರು ಅನ್ನುವವರೂ ಇದ್ದಾರೆ. ನಾನು ಆ ಪದ ಬಳಸುವುದಿಲ್ಲ. ಹೆಚ್ಚಿನವರ ಶಿಕ್ಷೆಗೆ ಒಂದು ಕೊನೆ ಇತ್ತು. ಇವರಿಗೆ ಹುಟ್ಟಿದ ಮಕ್ಕಳು ಸ್ವತಂತ್ರರು. ಕೋರ್ಟಿಗೂ ಹೋಗಬಹುದಿತ್ತು. 1788ರ ಜುಲೈನಲ್ಲೇ ಹೆನ್ರಿ ಮತ್ತು ಸುಸನ್ನಾ ಕೇಬಲ್ ಎಂಬ ಕೈದಿ ದಂಪತಿ, ತಮ್ಮ ಗಂಟುಮೂಟೆ ಕಳೆದ ಹಡಗಿನ ಕ್ಯಾಪ್ಟನ್ ಮೇಲೆ ದಾವೆ ಹೂಡಿ 15 ಪೌಂಡ್ ಪರಿಹಾರ ಪಡೆದರು. ಆ ವಸಾಹತಿನ ಮೊದಲ ಸಿವಿಲ್ ಕೇಸೇ ಅದು!

ದಣಿ ಏನು ಕೊಡಬೇಕು ಅನ್ನುವುದು ಕಾಗದದ ಮೇಲೆ ಇತ್ತು. 1830ರ ದಶಕದಲ್ಲಿ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ವಾರದ ಪಡಿ ಇಷ್ಟು: ಹನ್ನೆರಡು ಪೌಂಡ್ ಗೋಧಿ, ಏಳು ಪೌಂಡ್ ದನದ ಅಥವಾ ಕುರಿ ಮಾಂಸ, ಎರಡು ಔನ್ಸ್ ಉಪ್ಪು, ಎರಡು ಔನ್ಸ್ ಸೋಪು. ನಮ್ಮ ಲೆಕ್ಕದಲ್ಲಿ ಗೋಧಿ ಸುಮಾರು ಐದೂವರೆ ಕೆಜಿ, ಮಾಂಸ ಮೂರು ಕೆಜಿಗೂ ಜಾಸ್ತಿ. ವರ್ಷಕ್ಕೆ ಎರಡು ಜಾಕೆಟ್, ಮೂರು ಅಂಗಿ, ಎರಡು ಪ್ಯಾಂಟು, ಮೂರು ಜೊತೆ ಬೂಟು, ಒಂದು ಟೋಪಿ. ಊರಿನಲ್ಲಿದ್ದಾಗ ಇಂಗ್ಲೆಂಡಿನ ಕೂಲಿಯವನ ತಟ್ಟೆಯಲ್ಲಿ ಇಷ್ಟು ಮಾಂಸ ಇರುತ್ತಿರಲಿಲ್ಲ. ಟೀ ಮತ್ತು ಸಕ್ಕರೆ ಮಾತ್ರ ದಣಿಯ ಇಷ್ಟ. ಚೆನ್ನಾಗಿ ದುಡಿದರೆ ಉಂಟು, ಸಿಟ್ಟು ಬಂದರೆ ಇಲ್ಲ. ಅಷ್ಟೊಂದು ಜನ ಟೀ ಸಕ್ಕರೆಗಾಗಿ ದಣಿ ಹೇಳಿದಂತೆ ಕೇಳಿದ್ದು ಸಣ್ಣ ವಿಷಯವಲ್ಲ. ಸಂಬಳವೇ ಇಲ್ಲದವನಿಗೆ ಅದೇ ಸಂಬಳ.

ಒಂದು ಸ್ವಾರಸ್ಯ ಹೇಳುತ್ತೇನೆ, ಮಗನಿಗೆ ಇಷ್ಟವಾಗಬಹುದು. ಮೊದಲ ವರ್ಷಗಳಲ್ಲಿ ಸಿಡ್ನಿಯಲ್ಲಿ ಹಸಿವು ತುಂಬಾ ಇತ್ತು. 1792ರಲ್ಲಿ ಅಟ್ಲಾಂಟಿಕ್ ಎಂಬ ಹಡಗು ಕಲ್ಕತ್ತೆಯಿಂದ ಅಕ್ಕಿ, ಸೂಜಿ, ದಾಲ್ ತಂದಿತು. ಸೂಜಿ ಅಂದರೆ ನಮ್ಮ ರವೆ, ದಾಲ್ ಅಂದರೆ ಬೇಳೆ. ಕೈದಿಗಳು ಮನೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿ ಕೂತು ರವೆ, ಬೇಳೆ ಬೇಯಿಸುತ್ತಿದ್ದ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ.

ಕಾಗದದ ಮೇಲಿನ ಪಡಿಗೂ ಕೈಗೆ ಬಂದ ಪಡಿಗೂ ಎಷ್ಟು ದೂರ ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಟಾಲ್ಪಡಲ್ ಹಳ್ಳಿಯ ಆರು ಜನ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಹೊಲದ ಕೂಲಿಗಳು. ವಾರದ ಕೂಲಿಯನ್ನು ಏಳು ಶಿಲಿಂಗಿಗೆ ಇಳಿಸಿ, ಆರಕ್ಕೆ ಇಳಿಸುತ್ತೇವೆ ಅಂದಾಗ ಇವರು ಸಂಘ ಕಟ್ಟಿಕೊಂಡರು. ಸಂಘ ಕಟ್ಟುವುದು ತಪ್ಪಲ್ಲ. ಹಾಗಾಗಿ ಗುಟ್ಟಾಗಿ ಆಣೆ ಮಾಡಿದರು ಅನ್ನುವ ಬೇರೆ ಕಾನೂನು ಹಿಡಿದು 1834ರ ಮಾರ್ಚ್‌ನಲ್ಲಿ ಏಳು ವರ್ಷ ಗಡೀಪಾರು ಕೊಟ್ಟರು. ಆರು ಜನ, ಒಂದೇ ಊರು, ಒಂದೇ ತಪ್ಪು, ಒಂದೇ ಶಿಕ್ಷೆ. ಮುಂದೆ ಏನಾಯಿತು ನೋಡಿ.

ಮುಂದಾಳು ಜಾರ್ಜ್ ಲವ್‌ಲೆಸ್ ಟ್ಯಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ ಇಳಿದರು. ಒಂದು ವಾರ ರಸ್ತೆ ಗ್ಯಾಂಗಿನಲ್ಲಿ ದುಡಿಸಿ, ಆಮೇಲೆ ನ್ಯೂ ಟೌನ್‌ನ ಸರ್ಕಾರಿ ಜಮೀನಿನಲ್ಲಿ ಕುರಿ ಮತ್ತು ದನ ನೋಡಿಕೊಳ್ಳಲು ಹಾಕಿದರು. ಮಲಗುವ ಗುಡಿಸಲಿನ ಸೂರು ಎಷ್ಟು ಹಾಳಾಗಿತ್ತೆಂದರೆ ಹಾಸಿಗೆಯಲ್ಲೇ ನಕ್ಷತ್ರ ಕಾಣುತ್ತಿತ್ತು. ಆದರೂ ಆರು ಜನರಲ್ಲಿ ಅವರ ಪಾಡು ವಾಸಿ.

ಜೇಮ್ಸ್ ಬ್ರೈನ್ ಇಪ್ಪತ್ತರ ಆಸುಪಾಸಿನ ಹುಡುಗ. ಹಂಟರ್ ನದಿಯ ಕಡೆ ಗ್ಲಿಂಡನ್ ಎಂಬ ಜಮೀನಿಗೆ, ರಾಬರ್ಟ್ ಸ್ಕಾಟ್ ಎಂಬ ದಣಿಗೆ ಅವನನ್ನು ಹಂಚಿದರು. ನಡೆದು ಹೋಗುವಾಗ ದಾರಿಯಲ್ಲಿ ಕಳ್ಳರು ಅವನ ಬಟ್ಟೆ, ಹಾಸಿಗೆ ಕಿತ್ತುಕೊಂಡರು. ದಣಿ ನಂಬಲಿಲ್ಲ. ಮುಂದಿನ ಸಲದ ಬಟ್ಟೆ ಬರುವ ತನಕ ಏನೂ ಇಲ್ಲ ಅಂದ. ಆರು ತಿಂಗಳು ಬೂಟಿಲ್ಲ, ಹೊದಿಕೆಯಿಲ್ಲ, ಬರೀ ನೆಲ. ಬೇಲಿ ಕಂಬಕ್ಕೆ ಗುಂಡಿ ತೋಡುವ ಕೆಲಸ. ಗುದ್ದಲಿಯನ್ನು ಬರಿಗಾಲಲ್ಲಿ ತುಳಿದು ತುಳಿದು ಪಾದ ಒಡೆಯಿತು. ಅವನು ಕಬ್ಬಿಣದ ಪಟ್ಟಿಯ ಒಂದು ತುಂಡನ್ನು ಹುಡುಕಿ ಪಾದಕ್ಕೆ ಸುತ್ತಿಕೊಂಡು ತುಳಿಯುತ್ತಿದ್ದ. ಆಮೇಲೆ ಹದಿನೇಳು ದಿನ ಎದೆಮಟ್ಟ ನೀರಿನಲ್ಲಿ ನಿಂತು ಕುರಿ ತೊಳೆಯುವ ಕೆಲಸ.

ಅಲ್ಲೇ ಮೇಟ್‌ಲ್ಯಾಂಡ್ ಕಡೆ ಥಾಮಸ್ ಸ್ಟ್ಯಾಂಡ್‌ಫೀಲ್ಡ್ ಕುರಿ ಕಾಯುತ್ತಿದ್ದರು. ವಯಸ್ಸಾದವರು. ರಾತ್ರಿ ಕಾವಲಿಗೆ ಶವದ ಪೆಟ್ಟಿಗೆಯಷ್ಟೇ ಅಗಲದ ಒಂದು ಮರದ ಪೆಟ್ಟಿಗೆಯಲ್ಲಿ ಮಲಗಬೇಕು. ಹಗಲೆಲ್ಲ ಕುರಿಯ ಹಿಂದೆ ನಡೆದು, ಪಡಿ ತರಲು ಮತ್ತೆ ಮೈಲಿಗಟ್ಟಲೆ ನಡೆಯಬೇಕು. ಅವರ ಮಗ ಜಾನ್ ಕೂಡ ಇದೇ ಆರು ಜನರಲ್ಲಿ ಒಬ್ಬ, ಹತ್ತಿರದ ಇನ್ನೊಂದು ಜಮೀನಿಗೆ ಬಿದ್ದಿದ್ದ. ಅವನು ಅಪ್ಪನನ್ನು ನೋಡಲು ಹೋದಾಗ ಅವರ ಮೈತುಂಬಾ ಹುಣ್ಣು, ನಿಲ್ಲಲೂ ಶಕ್ತಿಯಿಲ್ಲ. ಆರು ಜನರಲ್ಲಿ ಜೇಮ್ಸ್ ಹ್ಯಾಮೆಟ್ ಅನ್ನುವವರನ್ನು ಕ್ವೀನ್‌ಬಿಯನ್ ಕಡೆ ಕಳಿಸಿದರು. ತನ್ನನ್ನು ಒಂದು ಪೌಂಡಿಗೆ ಗುಲಾಮನ ಹಾಗೆ ಮಾರಿದರು ಅಂತ ಅವರು ಮುಂದೆ ಹೇಳಿಕೊಂಡರು. ಆ ಪದ ಬಳಸಲು ಅವರಿಗೆ ಹಕ್ಕಿದೆ, ನಾನು ಬಳಸದಿದ್ದರೂ.

ಇಂಗ್ಲೆಂಡಿನಲ್ಲಿ ಜನ ಬೀದಿಗಿಳಿದು ಹೋರಾಡಿದ್ದರಿಂದ 1836ರಲ್ಲಿ ಇವರಿಗೆ ಕ್ಷಮೆ ಸಿಕ್ಕಿತು, ಆಮೇಲಿನ ಮೂರು ವರ್ಷಗಳಲ್ಲಿ ಊರಿಗೆ ಮರಳಿದರು. ಹಿಂದೆ ನಿಲ್ಲುವವರು ಯಾರೂ ಇಲ್ಲದ ಕೈದಿಗಳೇ ಜಾಸ್ತಿ. ಅವರ ಪಾಡು ಬರೆದಿಟ್ಟವರೂ ಇಲ್ಲ.

ಹಾಗಾದರೆ ಕೆಟ್ಟ ದಣಿಗೆ ಸಿಕ್ಕಿದವನು ಏನು ಮಾಡಬಹುದಿತ್ತು? ನಿಮ್ಮ ಮಗನ ಕಾಗದದಲ್ಲಿ ಈ ಪ್ರಶ್ನೆ ಬಂದರೆ ಕಾಗದಕ್ಕೆ ಜೀವ ಬರುತ್ತದೆ.

ತಲೆ ತಗ್ಗಿಸಿ ದುಡಿಯುವುದು ಒಂದು ದಾರಿ. ಏಳು ವರ್ಷದ ಶಿಕ್ಷೆಯವನು ಒಬ್ಬನೇ ದಣಿಯ ಬಳಿ ನಾಲ್ಕು ವರ್ಷ ತಕರಾರಿಲ್ಲದೆ ಇದ್ದರೆ ‘ಟಿಕೆಟ್ ಆಫ್ ಲೀವ್’ ಸಿಗುತ್ತಿತ್ತು. ಹದಿನಾಲ್ಕು ವರ್ಷದವನಿಗೆ ಆರು, ಜೀವಾವಧಿಯವನಿಗೆ ಎಂಟು. ಟಿಕೆಟ್ ಸಿಕ್ಕರೆ ಗೊತ್ತುಮಾಡಿದ ಜಿಲ್ಲೆಯೊಳಗೆ ತನಗಾಗಿ ದುಡಿಯಬಹುದು, ಸಂಬಳ ಪಡೆಯಬಹುದು. ಅಪಾಯ ಏನೆಂದರೆ ಕೊನೆಯ ತಿಂಗಳಲ್ಲಿ ದಣಿ ಒಂದು ದೂರು ಕೊಟ್ಟರೂ ಸಾಕು, ಟಿಕೆಟ್ ಮುಂದಕ್ಕೆ ಹೋಗುತ್ತದೆ. ಒಳ್ಳೆಯ ಆಳನ್ನು ಬಿಡಲು ಮನಸ್ಸಿಲ್ಲದ ದಣಿಗೆ ಅದು ಸುಲಭ.

ದೂರು ಕೊಡುವುದು ಇನ್ನೊಂದು. ದಣಿ ತಾನೇ ಚಾವಟಿ ಎತ್ತುವಂತಿರಲಿಲ್ಲ, ಆಳನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಆಳೂ ಅದೇ ಮ್ಯಾಜಿಸ್ಟ್ರೇಟ್ ಬಳಿ ಪಡಿ ಕಡಿಮೆ ಕೊಟ್ಟರು ಅಂತ ಹೇಳಬಹುದಿತ್ತು. ಕೆಲವರಿಗೆ ನ್ಯಾಯ ಸಿಕ್ಕಿದ್ದೂ ಇದೆ. ಆದರೆ ಆ ಮ್ಯಾಜಿಸ್ಟ್ರೇಟರು ಯಾರು? ಪಕ್ಕದ ಜಮೀನಿನ ದಣಿಗಳೇ. ಬ್ರೈನ್‌ನ ದಣಿ ಸ್ಕಾಟ್ ಕೂಡ ಮ್ಯಾಜಿಸ್ಟ್ರೇಟ್. ದೂರು ಸುಳ್ಳು ಅಂತ ತೀರ್ಮಾನವಾದರೆ ದೂರು ಕೊಟ್ಟವನ ಬೆನ್ನಿಗೇ ಏಟು.

ಮೂರನೆಯದು ಎಲ್ಲ ಜೀತದಾಳುಗಳಿಗೂ ಗೊತ್ತಿರುವ ದಾರಿ. ನಿಧಾನಕ್ಕೆ ಕೆಲಸ ಮಾಡುವುದು, ಗುದ್ದಲಿ ಕಾವು ಮುರಿಯುವುದು, ಹೊಟ್ಟೆನೋವು ಅನ್ನುವುದು, ಕುರಿ ಕಳೆದುಹೋಯಿತು ಅನ್ನುವುದು. ಕಡತಗಳಲ್ಲಿ ಅತಿ ಹೆಚ್ಚು ಕಾಣುವ ‘ಅಪರಾಧ’ಗಳು ಇಂಥವೇ: ಸೋಮಾರಿತನ, ಎದುರುತ್ತರ, ಹೇಳದೆ ಹೋದದ್ದು. ನಾನು ಇವನ್ನು ಓದುವಾಗ ಸೋಮಾರಿ ಅಂತ ಓದುವುದಿಲ್ಲ. ಕೂಲಿಯಿಲ್ಲದ ಕೆಲಸಗಾರನ ಬಳಿ ಬೇರೆ ಯಾವ ಆಯುಧವೂ ಇರಲಿಲ್ಲ.

ಕೊನೆಯದು ಓಡಿಹೋಗುವುದು. 1791ರ ಮಾರ್ಚ್‌ನಲ್ಲಿ ಮೇರಿ ಬ್ರಯಂಟ್ ಎಂಬಾಕೆ ಗಂಡ, ಇಬ್ಬರು ಮಕ್ಕಳು, ಏಳು ಜನ ಗೆಳೆಯರ ಜೊತೆ ಗವರ್ನರರ ದೋಣಿಯನ್ನೇ ಹತ್ತಿ ತಿಮೋರ್ ದ್ವೀಪದ ಕುಪಾಂಗ್ ತನಕ ಹೋದಳು. ಅಲ್ಲಿ ಸಿಕ್ಕಿಬಿದ್ದರು. ಇಂಗ್ಲೆಂಡ್ ತಲುಪುವಷ್ಟರಲ್ಲಿ ಗಂಡ, ಇಬ್ಬರು ಮಕ್ಕಳು ಎಲ್ಲ ತೀರಿಕೊಂಡಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಇಪ್ಪತ್ತು ಐರಿಷ್ ಗಂಡಸರು, ಒಬ್ಬ ಹೆಂಗಸು ಪ್ಯಾರಮ್ಯಾಟಾದಿಂದ, ಅಂದರೆ ನಿಮ್ಮ ಮನೆಯ ಆಸುಪಾಸಿನಿಂದಲೇ, ಚೀನಾಕ್ಕೆ ನಡೆದು ಹೋಗುತ್ತೇವೆ ಅಂತ ಹೊರಟರು. ಬೆಟ್ಟದಾಚೆ ಚೀನಾ ಇದೆ ಅಂತ ಅವರು ನಂಬಿದ್ದರು. ಅವರನ್ನು ನೋಡಿ ನಗಬಾರದು ಅಂತ ಮಗನಿಗೆ ಹೇಳಿ. ಭೂಪಟವನ್ನೇ ನೋಡದವರು ಅವರು.

ಸರಪಳಿ ಎಲ್ಲಿತ್ತು ಅಂತ ಕೇಳುತ್ತೀರಿ. ಇತ್ತು. ಇಲ್ಲಿಗೆ ಬಂದ ಮೇಲೆ ಮತ್ತೆ ತಪ್ಪು ಮಾಡಿದವರನ್ನು ಕಾಲಿಗೆ ಬೇಡಿ ಹಾಕಿ ರಸ್ತೆಗೆ ಕಳಿಸುತ್ತಿದ್ದರು. ಸಿಡ್ನಿಯಿಂದ ಹಂಟರ್ ಕಣಿವೆಗೆ ಹೋಗುವ ಗ್ರೇಟ್ ನಾರ್ತ್ ರೋಡ್ ಹಾಗೆ ಆದದ್ದು, 1826ರಿಂದ 1836ರವರೆಗೆ. ಅದರ ಕಲ್ಲಿನ ಕಟ್ಟೆಗಳು ಈಗಲೂ ನಿಂತಿವೆ. ಇನ್ನೂ ಕಠಿಣ ಶಿಕ್ಷೆಗೆ ನಾರ್ಫೋಕ್ ದ್ವೀಪ, ಮೆಕ್ವಾರಿ ಹಾರ್ಬರ್, ಪೋರ್ಟ್ ಆರ್ಥರ್. ಪ್ರವಾಸಿಗಳು ನೋಡುವುದು ಇವನ್ನೇ, ಹಾಗಾಗಿ ಎಲ್ಲ ಕೈದಿಗಳೂ ಹೀಗೇ ಇದ್ದರು ಅನ್ನಿಸುತ್ತದೆ. ಏಟಿನ ವಿಷಯಕ್ಕೆ ಬಂದರೆ, 1835ರ ಒಂದೇ ವರ್ಷದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸಲ ಚಾವಟಿ ಶಿಕ್ಷೆ ಆಯಿತು, ಏಟುಗಳು ಮೂರು ಲಕ್ಷ ದಾಟಿದವು. ಆಗ ಅಲ್ಲಿದ್ದ ಕೈದಿ ಗಂಡಸರು ಸುಮಾರು 27 ಸಾವಿರ. ಹಾಗಾಗಿ ‘ದಿನಾ ಹೊಡೆಯುತ್ತಾರೆ’ ಅನ್ನುವುದು ತಪ್ಪು, ‘ಏಟಿನ ಹೆದರಿಕೆ ದಿನಾ ಇತ್ತು’ ಅನ್ನುವುದು ಸರಿ. ಆ ಒಂದು ಸಾಲನ್ನು ಮಗ ತಿದ್ದಲಿ.

ಹೆಂಗಸರ ವಿಷಯ ಮಕ್ಕಳು ಬರೆಯುವ ಇಂಥ ಕಾಗದಗಳಲ್ಲಿ ಬರುವುದೇ ಅಪರೂಪ. ಬಂದವರಲ್ಲಿ ಸುಮಾರು 25 ಸಾವಿರ ಹೆಂಗಸರು. ಹೆಚ್ಚಿನವರು ಮನೆಗೆಲಸಕ್ಕೆ. ದಣಿಯ ಮನೆಯೊಳಗೆ ಏನಾಯಿತು ಅನ್ನುವುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಗರ್ಭಿಣಿಯಾದರೆ ಅವಳದೇ ತಪ್ಪು ಅಂತ, ಕೈದಿ ಹೆಂಗಸರನ್ನು ಇಟ್ಟು ದುಡಿಸುತ್ತಿದ್ದ ‘ಫೀಮೇಲ್ ಫ್ಯಾಕ್ಟರಿ’ಗೆ ವಾಪಸ್. ನಿಮ್ಮ ಪ್ಯಾರಮ್ಯಾಟಾದಲ್ಲಿ ನದಿಯ ಪಕ್ಕ ಆ ಕಟ್ಟಡದ ಭಾಗಗಳು ಇನ್ನೂ ಇವೆ. ಅಲ್ಲಿ ನೂಲು, ಬಟ್ಟೆ ತೊಳೆಯುವ ಕೆಲಸ, ಶಿಕ್ಷೆಗೆ ಕೂದಲು ಕತ್ತರಿಸುವುದು. ಕೂದಲು ಕತ್ತರಿಸಿದ್ದಕ್ಕೇ ಅವರು ಅತಿ ಹೆಚ್ಚು ಸಿಟ್ಟಿಗೆದ್ದರು. ನಮ್ಮ ಕಡೆ ಹೆಂಗಸರ ತಲೆ ಬೋಳಿಸುವುದು ಎಂಥ ಅವಮಾನ ಅಂತ ತಿಳಿದಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ ಬಿಟ್ಟರೆ ಈ ಉತ್ತರ ಸುಳ್ಳಾಗುತ್ತದೆ. ಕೈದಿಗಳು ದುಡಿದ ನೆಲ ಬೇರೆಯವರದು. ನೀವಿರುವ ಪ್ಯಾರಮ್ಯಾಟಾದ ಸುತ್ತಲಿನ ನೆಲ ದಾರುಗ್ ಎಂಬ ಮೂಲನಿವಾಸಿ ಜನರದು. ಕೈದಿ ಕುರಿಗಾಹಿ ಕಾಡಿನಂಚಿಗೆ ಹೋದಷ್ಟೂ ಮೂಲನಿವಾಸಿಗಳ ನೀರು, ಬೇಟೆ ಹೋಯಿತು. 1838ರ ಜೂನ್ 10ರಂದು ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಮೂಲನಿವಾಸಿಗಳನ್ನು ಕೊಂದರು. ಅದರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಕೊಂದವರಲ್ಲಿ ಬಹುತೇಕ ಎಲ್ಲರೂ ಕೈದಿ ಆಳುಗಳು ಇಲ್ಲವೇ ಬಿಡುಗಡೆಯಾದ ಕೈದಿಗಳು. ಏಳು ಜನರಿಗೆ ನೇಣಾಯಿತು. ಜೊತೆಗಿದ್ದ ಜಮೀನ್ದಾರ ತಪ್ಪಿಸಿಕೊಂಡ. ಕೊಂದವರ ಪರವಾಗಿ ವಕೀಲರಿಗೆ ಹಣ ಕೂಡಿಸಿದ ಜಮೀನ್ದಾರರ ಮುಂದಾಳು ಯಾರು ಗೊತ್ತಾ? ಬ್ರೈನ್‌ಗೆ ಒಂದು ಜೊತೆ ಬೂಟು ಕೊಡದ ಅದೇ ರಾಬರ್ಟ್ ಸ್ಕಾಟ್. ಈ ಎರಡು ಸಂಗತಿಯನ್ನು ನಾನು ಯಾವತ್ತೂ ಒಟ್ಟಿಗೇ ಹೇಳುತ್ತೇನೆ. ಪೆಟ್ಟು ತಿಂದವನೂ ಇನ್ನೊಬ್ಬರ ಮೇಲೆ ಕೈ ಎತ್ತಬಲ್ಲ. ಲಾಭ ಮಾತ್ರ ಮೇಲಿನವನಿಗೆ ಹೋಗುತ್ತದೆ.

ಎಷ್ಟು ಹೇಳಬೇಕು ಅಂತ ಕೇಳಿದ್ದೀರಿ. ಏಟಿನ ಮಾತೇ ಎತ್ತದಿದ್ದರೆ ಮಗ ಬೇರೆ ಕಡೆಯಿಂದ, ಇನ್ನೂ ಕೆಟ್ಟದಾಗಿ ಕೇಳುತ್ತಾನೆ. ಎಲ್ಲ ವಿವರ ಒಟ್ಟಿಗೆ ಸುರಿದರೆ ಅವನ ತಲೆಯಲ್ಲಿ ರಕ್ತ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ. ಶಾಲೆಗಳಲ್ಲಿ ಇದನ್ನು ನೋಡಿದ್ದೇನೆ. ಒಬ್ಬನ ಕಥೆ ಹಿಡಿದು ಹೇಳಿ. ಬ್ರೈನ್‌ನದು ಸರಿಹೊಂದುತ್ತದೆ. ಏಟು ಬೀಳುತ್ತಿತ್ತು, ಯಾಕೆ ಬೀಳುತ್ತಿತ್ತು, ಯಾರು ತೀರ್ಮಾನಿಸುತ್ತಿದ್ದರು ಅಂತ ಹೇಳಿ. ಗಾಯದ ವರ್ಣನೆ ಬೇಡ. ಮಯಾಲ್ ಕ್ರೀಕ್ ಬಗ್ಗೆಯೂ ‘ಮುಗ್ಧರನ್ನು ಕೊಂದರು, ಅದು ಅನ್ಯಾಯ’ ಅಂತ ನೇರವಾಗಿ ಹೇಳಿ ನಿಲ್ಲಿಸಿ. ಅವನು ಮತ್ತೆ ಕೇಳಿದರೆ ಆಗ ಇನ್ನಷ್ಟು.

ಅಜ್ಜನ ಹಿರಿಯನನ್ನು ಹುಡುಕಬಹುದು. ಈ ಕೈದಿಗಳ ಬಗ್ಗೆ ಇರುವಷ್ಟು ವಿವರ ಆ ಕಾಲದ ಬೇರೆ ಬಡವರ ಬಗ್ಗೆ ಇಲ್ಲ. ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ಕಸುಬು, ಹಡಗು, ದಣಿಯ ಹೆಸರು, ತಿಂದ ಏಟು ಎಲ್ಲ ಬರೆದಿಟ್ಟಿದ್ದಾರೆ. 2007ರಲ್ಲಿ ಯುನೆಸ್ಕೋ ಈ ದಾಖಲೆಗಳನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ಟ್ಯಾಸ್ಮೇನಿಯಾಕ್ಕೆ ಬಂದವರ ಕಡತಗಳು ಅಲ್ಲಿನ ಸರ್ಕಾರಿ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಉಚಿತ. ಲಂಡನ್‌ನಲ್ಲಿ ವಿಚಾರಣೆ ಆಗಿದ್ದರೆ ಓಲ್ಡ್ ಬೇಲಿ ಕೋರ್ಟಿನ ವರದಿಯೂ ಉಚಿತವಾಗಿ ಸಿಗುತ್ತದೆ, ಬೇರೆ ಊರಿನದಾದರೆ ಅಲ್ಲಿ ಇರುವುದಿಲ್ಲ. ಹೆಸರೊಂದನ್ನೇ ನಂಬಬೇಡಿ. ಜಾನ್ ಸ್ಮಿತ್‌ಗಳು ನೂರಾರು. ಹಡಗಿನ ಹೆಸರು, ಬಂದ ವರ್ಷ ಎರಡೂ ಹೊಂದಬೇಕು. ಯಾರೋ ಹಾಕಿಟ್ಟ ವಂಶವೃಕ್ಷವನ್ನು ಸುಮ್ನೆ ನಕಲು ಮಾಡಿದರೆ ಬೇರೆ ಯಾರದೋ ಅಜ್ಜನನ್ನು ನಿಮ್ಮ ಅಜ್ಜನಿಗೆ ಕೊಟ್ಟ ಹಾಗಾಗುತ್ತದೆ.

ಆದರೆ ಮೊದಲು ಆ ಅಜ್ಜನನ್ನೇ ಕೇಳಿ. ಅವರ ಅಮ್ಮ ಸಾಯುವ ತನಕ ಮುಚ್ಚಿಟ್ಟದ್ದು ಸುಮ್ಮನೆ ಅಲ್ಲ. ಅವರ ತಲೆಮಾರಿಗೆ ಇದು ಕಳಂಕ. ಮದುವೆ ಮಾತುಕತೆ ಮುರಿದೀತು ಅನ್ನುವ ಹೆದರಿಕೆ. ಕಡತದಲ್ಲಿ ಕುರಿ ಕಾದದ್ದು ಮಾತ್ರ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಹೆಂಡತಿಯನ್ನು ಹೊಡೆದದ್ದು, ಕುಡಿದು ಬಿದ್ದದ್ದು, ಊರಿನಲ್ಲಿ ಮೊದಲೇ ಒಂದು ಸಂಸಾರ ಇದ್ದದ್ದು ಎಲ್ಲ ಬರಬಹುದು. ‘ಏನು ಸಿಕ್ಕರೂ ನೋಡೋಣವಾ?’ ಅಂತ ಕೇಳಿ. ಅವರು ಹೂಂ ಅಂದರೆ ಮಾತ್ರ ಮುಂದುವರಿಯಿರಿ. ಸಿಕ್ಕ ಕಾಗದವನ್ನು ಮಗನಿಗಿಂತ ಮೊದಲು ನೀವು ಓದಿ. ಇದೂ ನೆನಪಿರಲಿ, ಆ ಕಡತ ಬರೆದವನು ಗುಮಾಸ್ತ. ಅದರಲ್ಲಿ ಕೈದಿಯ ಮಾತು ಬಂದರೂ ಅದು ಆ ಗುಮಾಸ್ತನ ಕೈಯಿಂದಲೇ ಬಂದದ್ದು.

ನಿಮ್ಮ ಮಾವನವರಿಗೂ ಒಂದು ವಿಷಯ ಹೇಳಿ. 1810ರಿಂದ 1821ರವರೆಗೆ ಇಲ್ಲಿ ಗವರ್ನರ್ ಆಗಿದ್ದವನು ಲ್ಯಾಕ್ಲನ್ ಮೆಕ್ವಾರಿ. ಶಿಕ್ಷೆ ಮುಗಿಸಿದ ಕೈದಿಯನ್ನು ಬೇರೆಯವರ ಸಮಕ್ಕೆ ನೋಡಬೇಕು ಅಂತ ಹಟ ಹಿಡಿದವನು ಅವನು. ಮಾಜಿ ಕೈದಿಗಳನ್ನು ಊಟಕ್ಕೆ ಕರೆದ, ಮ್ಯಾಜಿಸ್ಟ್ರೇಟ್ ಮಾಡಿದ. ನಕಲಿ ದಾಖಲೆ ಮಾಡಿ ಸಿಕ್ಕಿಬಿದ್ದು ಬಂದ ಫ್ರಾನ್ಸಿಸ್ ಗ್ರೀನ್‌ವೇಯಿಂದಲೇ ಹೈಡ್ ಪಾರ್ಕ್ ಬ್ಯಾರಕ್ಸ್ ಕಟ್ಟಿಸಿದ. ಇದೇ ಮೆಕ್ವಾರಿ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪುವಿನ ವಿರುದ್ಧ ಇದ್ದ ಬ್ರಿಟಿಷ್ ಪಡೆಯ ಅಧಿಕಾರಿ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಅವನಿಗೂ ಪಾಲು ಸಿಕ್ಕಿತು. ಕಳ್ಳರ ದೇಶ ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟೇ: ಕರವಸ್ತ್ರ ಕದ್ದವನು ಗಡೀಪಾರಾದ, ರಾಜ್ಯ ಕಿತ್ತುಕೊಂಡವರ ಜೊತೆ ಪಾಲು ಪಡೆದವನು ಗವರ್ನರ್ ಆದ. ಕರಿನೀರಿನ ಶಿಕ್ಷೆ ಅಂತ ನಮ್ಮವರು ನಡುಗುತ್ತಿದ್ದದ್ದೂ ಇದೇ ಗಡೀಪಾರಿಗೆ. ನಮ್ಮ ಜನರನ್ನು ಸಿಂಗಪುರ, ಮಾರಿಷಸ್, ಕೊನೆಗೆ 1858ರಿಂದ ಅಂಡಮಾನಿಗೆ ಕಳಿಸಿದವರೂ ಇದೇ ಬ್ರಿಟಿಷರು.

ಮುಂದಿನ ಶನಿವಾರ ಮಗನನ್ನು ಹ್ಯಾರಿಸ್ ಪಾರ್ಕಿಗೆ ಕರೆದುಕೊಂಡು ಹೋಗಿ. ದೋಸೆ ತಿನ್ನಲು ಹೇಗೂ ಹೋಗುತ್ತೀರಿ. ಅಲ್ಲೇ ನಾಲ್ಕು ಹೆಜ್ಜೆ ನಡೆದರೆ ಎಕ್ಸ್‌ಪೆರಿಮೆಂಟ್ ಫಾರ್ಮ್ ಇದೆ. 1789ರಲ್ಲಿ ಜೇಮ್ಸ್ ರೂಸ್ ಎಂಬ ಕೈದಿಗೆ ‘ಒಬ್ಬ ರೈತ ಇಲ್ಲಿ ಬದುಕಬಹುದಾ ನೋಡು’ ಅಂತ ನೆಲ ಕೊಟ್ಟ ಜಾಗ. ಅವನು ಬೆಳೆದು ತೋರಿಸಿದ, ಮೂವತ್ತು ಎಕರೆ ಪಡೆದ. ಇನ್ನೊಂದು ದಿನ ರೈಲಿನಲ್ಲಿ ಹೈಡ್ ಪಾರ್ಕ್ ಬ್ಯಾರಕ್ಸ್‌ಗೆ ಹೋಗಿ. ಅಲ್ಲಿ ನೆಲದ ಹಲಗೆಯ ಕೆಳಗೆ ಇಲಿಗಳು ಗೂಡಿಗೆ ಅಂತ ಎಳೆದುಕೊಂಡು ಹೋಗಿದ್ದ ಕೈದಿಗಳ ಪಟ್ಟೆ ಅಂಗಿ ಸಿಕ್ಕಿದೆ. ಕಾಗದವನ್ನು ಅದಾದ ಮೇಲೆ ಬರೆಯಲಿ, ಆತುರ ಬೇಡ. ಬ್ರೈನ್ ಪಾದಕ್ಕೆ ಸುತ್ತಿಕೊಂಡ ಆ ಪಟ್ಟಿ ಹೇಗಿತ್ತು ಅಂತ ಮಗ ಖಂಡಿತ ಕೇಳುತ್ತಾನೆ. ಮರದ ಪೀಪಾಯಿಯ ಸುತ್ತ ಬಿಗಿದಿರುವ ಕಬ್ಬಿಣದ ಪಟ್ಟಿಯನ್ನು ತೋರಿಸಿ, ಅಂಥದ್ದೇ.